ಏನೂ ತುಂಬದ ಬುಟ್ಟಿ

ಒಂದು ಮನೆಯವರ ಯೋಗ್ಯತೆ ಎಷ್ಟೆಂದು ತಿಳಿಯಲು ಕೆಂಗೇರಿಯ ರಾಮಕ್ಕನಿಗೆ ಆ ಮನೆಯ ಮೊರ ನೋಡಿದರೆ ಸಾಕಾಗಿತ್ತು. ಅಂಚು ಬಿಚ್ಚಿಕೊಂಡಿದ್ದರೆ ಆ ಮನೆಯ ಅನ್ನದಲ್ಲಿ ಕಲ್ಲು ಸಿಕ್ಕೇ ಸಿಗುತ್ತದೆ ಎಂದು ತೀರ್ಮಾನಿಸುತ್ತಿದ್ದಳು. ಮೊರವೇ ಇಲ್ಲದ ಮನೆಯನ್ನು ಮನೆ ಎಂದು ಒಪ್ಪುತ್ತಲೇ ಇರಲಿಲ್ಲ. ಮೇದರ ಕೇರಿಯಲ್ಲಿ ಹುಟ್ಟಿ, ಅದೇ ಕೇರಿಗೆ ಸೊಸೆಯಾಗಿ, ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಬಿದಿರು ಸೀಳಿಕೊಂಡು ಬಂದವಳು. ಐವತ್ತು ಹತ್ತಿರವಾಗುವ ಹೊತ್ತಿಗೆ ಅವಳ ಬೆರಳ ತುದಿಗಳಿಗೆ ಸಿಬಿರು ಚುಚ್ಚುವುದೇ ನಿಂತುಹೋಗಿತ್ತು. ನಾಲಿಗೆಯ ವಿಷಯ ಕೇರಿಯವರನ್ನೇ ಕೇಳಬೇಕು.

ಅವಳ ಮೈದುನ ದೊಡ್ಡಹನುಮಯ್ಯ ಹಸಿ ಬಿದಿರಿನಲ್ಲೇ ಬುಟ್ಟಿ ಹೆಣೆದು ಸಂತೆಯಲ್ಲಿ ಸಾಗಹಾಕುತ್ತಿದ್ದ. ತಿಂಗಳೊಳಗೆ ಒಣಗಿ ಕಣ್ಣು ಬಿಡುತ್ತಿದ್ದ ಆ ಬುಟ್ಟಿಗಳನ್ನು ಅವಳು "ನಮ್ಮ ಹನುಮನ ಜರಡಿ" ಎಂದು ಕರೆಯುತ್ತಿದ್ದಳು, ಅದೂ ಅವನ ಗಿರಾಕಿಗಳ ಎದುರಿಗೇ. ತಗಡಿನ ಡಬ್ಬ ಕೊಂಡು ಸಂಭ್ರಮಪಡುವ ಒಕ್ಕಲಗಿತ್ತಿಯರನ್ನು ಕಂಡರೆ ಮೂಗು ಮುರಿಯುತ್ತಿದ್ದಳು. ಗಂಡ ಕೆಂಚಪ್ಪ ಮೆತ್ತಗಿನ ಮನುಷ್ಯ. ಮಾಗಡಿ ಕಡೆಯಿಂದ ಬಿದಿರು ಹೊತ್ತು ತರುವುದು, ಹೆಂಡತಿಯ ಮಾತು ಕೇಳುವುದು, ಎರಡನ್ನೂ ಒಂದೇ ಸಮಾಧಾನದಲ್ಲಿ ಮಾಡಿಕೊಂಡಿದ್ದ.

ಆದರೆ ಒಂದು ಮಾತು ಹೇಳಲೇಬೇಕು. ರಾಮಕ್ಕ ಎಲ್ಲರಿಗಿಂತ ಹೆಚ್ಚು ಬೈಯುತ್ತಿದ್ದುದು ತನ್ನ ಕೈಕೆಲಸವನ್ನೇ. ಹೆಣೆದು ಮುಗಿಸಿದ ಮೊರವನ್ನು ತಲೆಯ ಮೇಲೆತ್ತಿ ಬಿಸಿಲಿಗೆ ಹಿಡಿದು ನೋಡುವಳು. ಎಲ್ಲಾದರೂ ಬೆಳಕು ತೂರಿ ಬಂತೋ, "ಥೂ, ಯಾವಳೇ ನಿಂಗೆ ಕಲಿಸ್ದೋಳು" ಎಂದು ತನಗೇ ಛೀಮಾರಿ ಹಾಕಿಕೊಂಡು ಕತ್ತಿಯಲ್ಲಿ ಸೀಳಿ ಒಲೆಗೆ ಒಡ್ಡುವಳು. ಎರಡು ದಿನದ ದುಡಿಮೆ ಅರೆಗಳಿಗೆಯಲ್ಲಿ ಬೂದಿಯಾಗುವುದನ್ನು ಕೆಂಚಪ್ಪ ಸುಮ್ಮನೆ ಕೂತು ನೋಡುತ್ತಿದ್ದ.

ಹದಿನೈದು ದಿನಕ್ಕೊಮ್ಮೆ ಅವಳು ಮೊರ, ಬುಟ್ಟಿಗಳನ್ನು ಹಗ್ಗದಲ್ಲಿ ಕಟ್ಟಿ ತಲೆಯ ಮೇಲೆ ಹೊತ್ತು, ಉಲ್ಲಾಳು, ಹೇರೋಹಳ್ಳಿಯ ಮೇಲೆ ನಡೆದು, ಮಾಗಡಿ ರಸ್ತೆ ಹಿಡಿದು ರಾಜಾಜಿನಗರಕ್ಕೆ ಹೋಗುತ್ತಿದ್ದಳು. ಆಗ ರಾಜಾಜಿನಗರ ಇನ್ನೂ ಹೊಸದು. ಸುಣ್ಣದ ವಾಸನೆ ಆರದ ಮನೆಗಳು, ಅವುಗಳ ನಡುವೆ ರಾಗಿ ಕೂಳೆ ಉಳಿದಿದ್ದ ಖಾಲಿ ಸೈಟುಗಳು, ನೆಟ್ಟು ಎರಡು ವರ್ಷವೂ ಆಗದ ಬೀದಿ ಮರಗಳು. ಆ ಮನೆಗಳನ್ನು ನೋಡಿದರೆ ರಾಮಕ್ಕನಿಗೆ ನಗು ಬರುತ್ತಿತ್ತು. "ಎಲ್ಲಾ ಒಂದೇ ಅಚ್ಚಲ್ಲಿ ಒತ್ತಿದಂಗವೆ. ಕುಡ್ದು ಬಂದ ಗಂಡಸು ಅದೆಂಗೆ ತನ್ನ ಮನೆ ಕಂಡುಕೊಂಡಾನು?" ಎಂದು ಗಂಡನಿಗೆ ಹೇಳುತ್ತಿದ್ದಳು.

ಆ ಮನೆಗಳಲ್ಲೊಂದು ವಿಮಲಮ್ಮನದು. ಗಂಡ ಗಂಗಾಧರಯ್ಯ ಸರ್ಕಾರದಲ್ಲಿ ದೊಡ್ಡ ಗುಮಾಸ್ತ. ವಿಮಲಮ್ಮ ಇಂಟರ್‌ಮೀಡಿಯೆಟ್ ತನಕ ಓದಿದ ಹೆಂಗಸು. ಮಕ್ಕಳಿರಲಿಲ್ಲ. ಮನೆಯ ಮುಂದೆ ಡೇಲಿಯಾ, ಹಿಂದೆ ಸೇವಂತಿಗೆ. ಬಡಾವಣೆಯ ಹೆಂಗಸರು ಸೇರಿ ಕಟ್ಟಿಕೊಂಡಿದ್ದ ವನಿತಾ ಕೂಟದಲ್ಲಿ ಅವಳೊಬ್ಬ ಸದಸ್ಯೆ. ಮೊರ ಕೊಳ್ಳುವಾಗ ಅವಳು ಗೇಟಿನ ಬಳಿಯೇ ನಿಲ್ಲಿಸುತ್ತಿದ್ದಳು. "ಅಲ್ಲೇ ಇಡಮ್ಮ" ಎಂದು ಹೇಳಿ, ಮೊರಕ್ಕೆ ನೀರು ಚಿಮುಕಿಸಿ, ಆಮೇಲೆ ಎರಡು ಬೆರಳಲ್ಲಿ ಹಿಡಿದು ಒಳಗೆ ಒಯ್ಯುತ್ತಿದ್ದಳು. ಆ ಎರಡು ಬೆರಳನ್ನು ರಾಮಕ್ಕ ಚೆನ್ನಾಗಿ ನೋಡಿಟ್ಟುಕೊಂಡಿದ್ದಳು.

ಐವತ್ತೇಳನೆಯ ಇಸವಿ ಮುಗಿಯುತ್ತಾ ಬಂದಿದ್ದ ಒಂದು ಬೆಳಿಗ್ಗೆ ವಿಮಲಮ್ಮ ಮೊರ ಕೊಂಡು ಒಳಗೆ ಹೋಗಲಿಲ್ಲ. ಕೈಯಲ್ಲೊಂದು ಬಣ್ಣದ ಪತ್ರಿಕೆ ಹಿಡಿದು ನಿಂತಳು. ಯಾವುದೋ ಪರದೇಶದ್ದು. ಅದರ ಒಂದು ಪುಟವನ್ನು ಗೇಟಿನ ಮೇಲಿಂದಲೇ ತೋರಿಸಿದಳು.

"ನೋಡು, ಇಂಥದ್ದು ಮಾಡ್ಕೊಡ್ತೀಯಾ?"

ರಾಮಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ಬೆತ್ತದ ಬಳೆಯೊಂದು, ಅದರ ತುಂಬಾ ಅಡ್ಡಾದಿಡ್ಡಿ ಕಡ್ಡಿಗಳು. ನಡುನಡುವೆ ಹೂಗಳು ತಲೆ ಹಾಕಿಕೊಂಡು ನಿಂತಿವೆ. ಬುಟ್ಟಿ ಎನ್ನೋಣವೆಂದರೆ ತಳವಿಲ್ಲ, ಪಂಜರ ಎನ್ನೋಣವೆಂದರೆ ಬಾಗಿಲಿಲ್ಲ.

"ಏನವ್ವಾ ಇದು? ಗೀಜಗನ ಗೂಡಾ?"

"ಹೂ ಜೋಡಿಸೋಕೆ ಚೌಕಟ್ಟು. ಕೆಳಗೆ ಬಟ್ಟಲಲ್ಲಿ ನೀರಿರುತ್ತೆ. ಇದನ್ನ ಬಟ್ಟಲ ಮೇಲೆ ನಿಲ್ಲಿಸಿ ಕಣ್ಣುಗಳಲ್ಲಿ ಹೂ ತೂರಿಸೋದು. ಸಂಕ್ರಾಂತಿ ಆದ್ಮೇಲೆ ನಮ್ಮ ಕೂಟದಲ್ಲಿ ಹೂವಿನ ಪ್ರದರ್ಶನ ಇದೆ."

"ಇದ್ರಲ್ಲಿ ಏನು ತುಂಬ್ತೀರಿ?"

"ಏನೂ ತುಂಬಲ್ಲ. ಹೂ ನಿಂತ್ಕೊಳ್ಳುತ್ತೆ ಅಷ್ಟೆ."

ರಾಮಕ್ಕನಿಗೆ ನಗು ತಡೆಯಲಾಗಲಿಲ್ಲ. "ಅಲ್ಲಾ ಕಣವ್ವಾ, ಗಿಡದಲ್ಲಿ ನಿಂತಿದ್ದ ಹೂವಾ ಕಿತ್ತು ತಂದು, ಆಮ್ಯಾಕೆ ಅದಕ್ಕೆ ನಿಂತ್ಕೊಳ್ಳೋಕೆ ಊರುಗೋಲು ಮಾಡಿಸೋದಾ?"

ವಿಮಲಮ್ಮನ ಮುಖ ಗಂಟಾಯಿತು. ಪತ್ರಿಕೆಯನ್ನು ಮಡಚಿದಳು. "ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು. ಶಿವಾಜಿನಗರದಲ್ಲಿ ಬೆತ್ತದ ಕುರ್ಚಿ ಮಾಡೋರಿದ್ದಾರೆ, ಅವರ ಹತ್ರ ಮಾಡಿಸ್ಕೋತೀನಿ. ಮೊರ ಕಟ್ಟೋರಿಗೆ ಇದೆಲ್ಲ ಎಲ್ಲಿ ಬರುತ್ತೆ."

ರಾಮಕ್ಕ ಹತ್ತು ಹೆಜ್ಜೆ ನಡೆದಿದ್ದಳು. ಕೊನೆಯ ಮಾತು ಬೆನ್ನಿಗೆ ತಗುಲಿ ತಿರುಗಿ ಬಂದಳು. ಕುರ್ಚಿಗೆ ಬೆತ್ತ ಸುತ್ತುವವರ ಕೆಲಸವನ್ನು ಅವಳು ಕೆಲಸದ ಲೆಕ್ಕಕ್ಕೇ ತಂದುಕೊಂಡವಳಲ್ಲ.

"ಇನ್ನೊಂದು ಸಲ ತೋರ್ಸಿ ಆ ಚಿತ್ರಾವ," ಎಂದಳು.

*

ಮನೆಗೆ ಬಂದವಳು ಅದನ್ನು ಅರ್ಧ ದಿನದಲ್ಲಿ ಮಾಡಿ ಮುಗಿಸಿದಳು. ಬುಟ್ಟಿಗೆ ಬಾರದೆ ಮೂಲೆಯಲ್ಲಿ ಬಿದ್ದಿದ್ದ ಬಿದಿರ ದಬ್ಬೆಗಳನ್ನು ಬಳೆಯಂತೆ ಬಾಗಿಸಿ ಕಟ್ಟಿದಳು. ಬೇಲಿಯಿಂದ ಕಿತ್ತ ಲಂಟಾನ ಕಡ್ಡಿಗಳನ್ನು ಅದಕ್ಕೆ ಚುಚ್ಚಿದಳು. ಅಲ್ಲಲ್ಲಿ ಸೆಣಬಿನ ದಾರ ಬಿಗಿದಳು. ಬೆನ್ನು ನೋಯಲಿಲ್ಲ, ಕತ್ತಿ ಮಸೆಯಲಿಲ್ಲ.

ಕೆಂಚಪ್ಪ ಬೀಡಿ ಹಚ್ಚಿಕೊಂಡು ಸ್ವಲ್ಪ ಹೊತ್ತು ನೋಡಿದ. "ಇಷ್ಟೇಯಾ?" ಎಂದ.

"ಇನ್ನೇನು, ಅದಕ್ಕೆ ಕಿರೀಟ ಇಕ್ಕಬೇಕಾ? ಆಟದ ಸಾಮಾನು ಕೇಳೋರಿಗೆ ಆಟದ ಸಾಮಾನೇ ಸರಿ."

"ಬಿಸಿಲಿಗೆ ಹಿಡಿದು ನೋಡ್ಲಿಲ್ಲ ನೀನು."

"ತೂತೇ ಬೇಕು ಅಂತ ಕೇಳವ್ರೆ. ನೋಡೋದೇನೈತೆ?" ಎಂದು ಗದರಿಸಿದಳು. ಆದರೆ ಅವನ ಮಾತು ಮನಸ್ಸಿನ ಒಂದು ಮೂಲೆಯಲ್ಲಿ ಸಿಬಿರಿನಂತೆ ಕೂತಿತು.

ಮುಂದಿನ ಸಲ ರಾಜಾಜಿನಗರಕ್ಕೆ ಹೋದಾಗ ಅದನ್ನೂ ಹೊತ್ತೊಯ್ದಳು. ವಿಮಲಮ್ಮ ಈ ಸಲ ಗೇಟು ತೆಗೆದು ಹಿತ್ತಲಿಗೆ ಕರೆದಳು. ಬಾವಿಕಟ್ಟೆಯ ಪಕ್ಕ ಹಿತ್ತಾಳೆ ಬಟ್ಟಲು, ಬಕೆಟ್ಟಿನಲ್ಲಿ ಕೊಯ್ದ ಹೂ ಸಿದ್ಧವಾಗಿದ್ದವು. ರಾಮಕ್ಕ ಅಷ್ಟು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತಳು. ನಾಲ್ಕು ಹೂ ಸಿಕ್ಕಿಸಿಕೊಂಡು ಖುಷಿಪಡುತ್ತಾಳೆ, ಮುಗಿಯಿತು ಎಂದುಕೊಂಡಿದ್ದಳು.

ವಿಮಲಮ್ಮ ಚೌಕಟ್ಟನ್ನು ಬಟ್ಟಲ ಮೇಲೆ ನಿಲ್ಲಿಸಿದಳು. ಕಡುಗೆಂಪು ಡೇಲಿಯಾ ಒಂದನ್ನು ಮೇಲಿನ ಕಣ್ಣಿಗೆ ತೂರಿಸಿದಳು. ಇಡೀ ಚೌಕಟ್ಟು ಕುಡಿದವನ ಹಾಗೆ ಒಂದು ಪಕ್ಕಕ್ಕೆ ವಾಲಿ, ಬಟ್ಟಲ ಸಮೇತ ಉರುಳಿ, ನೀರು ರಾಮಕ್ಕನ ಕಾಲಿನ ತನಕ ಹರಿದು ಬಂತು.

ಬೈಗುಳ ಬರುತ್ತದೆ, ಬಂದರೆ ಎರಡು ತಿರುಗಿ ಕೊಟ್ಟು ಎದ್ದು ಹೋಗಬಹುದು ಎಂದು ರಾಮಕ್ಕ ಕಾಯುತ್ತಿದ್ದಳು. ಬೈಗುಳ ಬರಲಿಲ್ಲ. ವಿಮಲಮ್ಮ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಕೂತು, ಚೌಕಟ್ಟನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದಳು. ಎರಡು ಬೆರಳಲ್ಲಲ್ಲ, ಎರಡೂ ಕೈಯಲ್ಲಿ.

"ಹೂವಿಗೆ ಭಾರ ಇರೋದು ತಲೇಲಿ. ನೀನು ಮೇಲೆ ಅಗಲ ಮಾಡಿ ಕೆಳಗೆ ಕಿರಿದು ಮಾಡಿದೀಯ. ಹೇಗೆ ನಿಲ್ಲುತ್ತೆ? ಕಾಲು ಅಗಲಕ್ಕೆ ಬರಬೇಕು. ಆಮೇಲೆ ಈ ಕಣ್ಣುಗಳು ನೋಡು, ಎಲ್ಲಾ ಒಂದೇ ಅಳತೆ. ಡೇಲಿಯಾ ಕಾಂಡ ನನ್ನ ಬೆರಳಷ್ಟು ದಪ್ಪ. ಆಸ್ಟರ್ ಕಾಂಡ ಊದಿನ ಕಡ್ಡಿಯಷ್ಟು. ಎರಡಕ್ಕೂ ಒಂದೇ ಕಣ್ಣಾದ್ರೆ ಒಂದು ಹೋಗಲ್ಲ, ಇನ್ನೊಂದು ನಿಲ್ಲಲ್ಲ."

ರಾಮಕ್ಕ ಸೀರೆಯ ಒದ್ದೆ ಅಂಚನ್ನು ಹಿಂಡಿಕೊಂಡಳು.

"ನಿನ್ನ ಮೊರ ಎರಡು ವರ್ಷದಿಂದ ನೋಡ್ತಾ ಇದೀನಿ," ಎಂದಳು ವಿಮಲಮ್ಮ. ದನಿಯಲ್ಲಿ ಕೋಪವಿರಲಿಲ್ಲ. ಮೂಗಿನ ತುದಿಯಿಂದ ಬಂದ ಒಂದು ತಣ್ಣನೆಯ ತಾತ್ಸಾರ, ಅಷ್ಟೆ. "ಇದು ನಿನ್ನ ಕೈ ಕೆಲಸವಾ? ಹೌದು ಅಂತ ಹೇಳು, ತಗೋತೀನಿ."

ಕೇರಿಯಲ್ಲಿ, ಸಂತೆಯಲ್ಲಿ, ಇಪ್ಪತ್ತು ಹಳ್ಳಿಗಳಲ್ಲಿ ರಾಮಕ್ಕ ಬೇರೆಯವರಿಗೆ ಕೇಳುತ್ತಿದ್ದ ಪ್ರಶ್ನೆ ಅದು. ಎದ್ದು ಬಂದು ಆ ಚೌಕಟ್ಟನ್ನು ಕಿತ್ತುಕೊಂಡಳು. ನೆಲಕ್ಕೆ ಹಾಕಿ ಕಾಲಲ್ಲಿ ತುಳಿದು ಪುಡಿಮಾಡಿದಳು. ಪುಡಿಯನ್ನೂ ಬಿಡದೆ ಬಾಚಿ ಸೆರಗಿಗೆ ಕಟ್ಟಿಕೊಂಡಳು.

"ಹಬ್ಬ ಆದ ಮೂರನೇ ದಿನಕ್ಕೆ ತತ್ತೀನಿ," ಎಂದು ಹೇಳಿ, ತಂದಿದ್ದ ಮೊರಗಳನ್ನು ಮಾರದೆ ಹೊತ್ತುಕೊಂಡು ಕೆಂಗೇರಿಗೆ ವಾಪಸು ನಡೆದಳು.

ದಾರಿಯುದ್ದಕ್ಕೂ ಅವಳಿಗೆ ಯಾರ ಮೇಲೆ ಸಿಟ್ಟು ಎಂಬುದೇ ಬಗೆಹರಿಯಲಿಲ್ಲ. ವಿಮಲಮ್ಮನನ್ನು ಬೈದಳು. ಡೇಲಿಯಾವನ್ನು ಬೈದಳು: ತಲೆ ನೋಡಿದರೆ ಕುಂಬಳಕಾಯಿಯಷ್ಟು, ಕತ್ತು ನೋಡಿದರೆ ಹಂಚಿಕಡ್ಡಿಯಷ್ಟು, ವಾಸನೆಯೋ ಇಲ್ಲವೇ ಇಲ್ಲ; ಅದೂ ಒಂದು ಹೂವಾ? ಹೇರೋಹಳ್ಳಿ ದಾಟುವ ಹೊತ್ತಿಗೆ ಬೈಯಲು ಉಳಿದವಳು ತಾನೊಬ್ಬಳೇ ಆಗಿದ್ದಳು.

*

ಎರಡನೆಯ ಚೌಕಟ್ಟಿಗೆ ಒಂಬತ್ತು ದಿನ ಹಿಡಿಯಿತು. ಕೆಂಚಪ್ಪನನ್ನು ಪೇಟೆಗೆ ಅಟ್ಟಿ ಒಳ್ಳೆಯ ಬೆತ್ತ ತರಿಸಿದಳು. ಮೊದಲು ತಂದದ್ದನ್ನು "ಹೆಣ ಹೊರೋಕೂ ಲಾಯಕ್ಕಿಲ್ಲ" ಎಂದು ತಿರುಗಿ ಕಳಿಸಿದಳು. ಕಡ್ಡಿಗೆ ವೃಷಭಾವತಿ ಹೊಳೆಯ ದಂಡೆಗೆ ತಾನೇ ಹೋದಳು. ಅಲ್ಲಿ ಬೆಳೆದಿದ್ದ ಲಕ್ಕಿ ಗಿಡಗಳಲ್ಲಿ ಒಂದೊಂದನ್ನೂ ಬಾಗಿಸಿ ನೋಡಿ, ಮುರಿಯದೆ ಮಣಿದು ಬಿಟ್ಟ ಕೂಡಲೇ ನೆಟ್ಟಗಾಗುವ ಕಡ್ಡಿಗಳನ್ನೇ ಆರಿಸಿ ತಂದಳು. ಎರಡು ದಿನ ನೀರಲ್ಲಿ ಅದುಮಿಟ್ಟು ಸಿಪ್ಪೆ ಸುಲಿದಳು.

ಬೆತ್ತವನ್ನು ಕೆಂಡಕ್ಕೆ ತೋರಿಸುತ್ತಾ ಅಂಗುಲ ಅಂಗುಲವಾಗಿ ಬಾಗಿಸಿ ಎರಡು ಬಳೆ ಮಾಡಿದಳು: ಕೆಳಗೆ ಅಗಲದ್ದು, ಮೇಲೆ ಕಿರಿದು. ತುದಿಗಳನ್ನು ಓರೆಯಾಗಿ ಕೆತ್ತಿ ಒಂದರ ಮೇಲೊಂದು ಕೂರಿಸಿ ಬೆತ್ತದ ಸಿಪ್ಪೆಯಲ್ಲೇ ಸುತ್ತಿದಾಗ ಬೆಸುಗೆ ಎಲ್ಲಿದೆ ಎಂದು ಅವಳೇ ಬೆರಳಾಡಿಸಿ ಹುಡುಕಬೇಕಾಯಿತು. ಆಮೇಲೆ ಕಡ್ಡಿಗಳ ಸರದಿ. ದಾರ ಬಳಸಬಾರದು ಎಂದು ಹಟ ಹಿಡಿದಿದ್ದಳು. ಒಂದು ಕಡ್ಡಿ ಇನ್ನೊಂದನ್ನು ಒತ್ತಬೇಕು, ಅದು ಮತ್ತೊಂದನ್ನು ಒತ್ತಬೇಕು, ಹಾಗೆ ಒತ್ತಿಕೊಂಡೇ ಎಲ್ಲವೂ ನಿಲ್ಲಬೇಕು. ಮೂರು ಸಲ ಹೆಣೆದು ಮೂರು ಸಲ ಬಿಚ್ಚಿದಳು. ಮೊರ, ಬುಟ್ಟಿಗಳಲ್ಲಿ ಕಣ್ಣು ಮುಚ್ಚುವುದೇ ಕೆಲಸ. ಇಲ್ಲಿ ಕಣ್ಣು ಬಿಡಿಸಬೇಕು, ಅದೂ ಒಂದೊಂದು ಒಂದೊಂದು ಅಳತೆಗೆ. ನಲವತ್ತು ವರ್ಷ ಕಲಿತ ಕೈ ಎಲ್ಲವನ್ನೂ ಮುಚ್ಚಲು ಓಡುತ್ತಿತ್ತು, ಅವಳು ತಡೆದು ನಿಲ್ಲಿಸುತ್ತಿದ್ದಳು.

ಎಂಟನೆಯ ದಿನ ಕೇರಿಯ ಹೆಂಗಸರು ನೀರಿಗೆ ಹೋಗಿದ್ದ ಹೊತ್ತು ನೋಡಿ ಗುಡಿಸಲ ಹಿಂದೆ ಕೂತು, ಬೇಲಿಯ ಆವರಿಕೆ ಹೂವಿನ ಗೊಂಚಲು, ಎರಡು ಸೇವಂತಿಗೆ, ಒಂದು ಹರಳು ಗಿಡದ ದಪ್ಪ ಕಾಂಡ ತಂದು ಕಣ್ಣುಗಳಲ್ಲಿ ನಿಲ್ಲಿಸಿ ನೋಡುತ್ತಿದ್ದಳು. ದೊಡ್ಡಹನುಮಯ್ಯ ಹಾದಿಯಲ್ಲಿ ಬಂದವನು ನಿಂತುಬಿಟ್ಟ.

"ಏನ್ ಅತ್ತಿಗೆ, ಹೂವಿನ ಪೂಜೆ ಸುರುವಾಯ್ತಾ?"

"ನಿನ್ ಜರಡಿಗೆ ತಿಥಿ ಮಾಡ್ತಿದೀನಿ, ಓಗು," ಎಂದು ಅವನನ್ನು ಅಟ್ಟಿದಳು. ಹೂಗಳನ್ನು ಕಿತ್ತು ಬಿಸಾಡಿದಳು. ಆದರೆ ಹೂ ನಿಂತಿದ್ದವು. ಹರಳು ಗಿಡದ ಕಾಂಡವೂ ನಿಂತಿತ್ತು. ಚೌಕಟ್ಟು ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

*

ಪ್ರದರ್ಶನ ಹಬ್ಬ ಆದ ಮೂರನೇ ದಿನ, ಒಂದು ಖಾಲಿ ಸೈಟಿನಲ್ಲಿ, ಶಾಮಿಯಾನದ ಕೆಳಗೆ. ರಾಮಕ್ಕ ಅಲ್ಲಿಗೇ ತಂದ ಚೌಕಟ್ಟನ್ನು ವಿಮಲಮ್ಮ ನೋಡಿ "ಹೂಂ" ಎಂದಳು. ಅಷ್ಟೇ. ಒಳಗೊಯ್ದು ಹೂ ಜೋಡಿಸತೊಡಗಿದಳು. ರಾಮಕ್ಕನಿಗೆ ಶಾಮಿಯಾನದ ಸುತ್ತ ಕಟ್ಟಿದ್ದ ಹಗ್ಗದ ಆಚೆ ನಿಂತಿರು ಎಂದು ಹೇಳಿದ್ದರಿಂದ ಅವಳು ಹಗ್ಗದ ಆಚೆಯೇ ನಿಂತು ಒಳಗಿನದೆಲ್ಲ ನೋಡಿದಳು. ನೋಡಿದಷ್ಟೂ ಅವಳ ತುಟಿ ಕೊಂಕಾಗುತ್ತಾ ಹೋಯಿತು.

ಒಂದು ಮೇಜಿನ ಮೇಲೆ ಹತ್ತಿಯ ಹಂಸ, ಕುತ್ತಿಗೆ ಕೊಳೆತ ಬದನೆಕಾಯಿಯಂತೆ ಬಾಗಿತ್ತು. ಇನ್ನೊಂದರ ಮೇಲೆ ಚೆಂಡುಹೂವಿನ ಎತ್ತಿನ ಗಾಡಿ. ಎತ್ತುಗಳಿಗೆ ಕೊಂಬಿತ್ತು, ಗಾಡಿಗೆ ನೊಗ ಮರೆತಿದ್ದರು. ಮತ್ತೊಂದರ ಮೇಲೆ ಹೊಸ ಮೈಸೂರು ರಾಜ್ಯದ ಭೂಪಟವನ್ನು ಆಸ್ಟರ್ ಹೂವಿನಲ್ಲಿ ಮಾಡಿ, ಬಳ್ಳಾರಿಯ ಜಾಗಕ್ಕೆ ಹೂ ಸಾಲದೆ ಕೊತ್ತಂಬರಿ ಸೊಪ್ಪು ತುಂಬಿದ್ದರು. ರೇಷ್ಮೆ ಸೀರೆಯವರು ಒಬ್ಬರ ಕೆಲಸವನ್ನು ಇನ್ನೊಬ್ಬರು "ಎಷ್ಟು ಚೆನ್ನಾಗಿದೆ ಕಣ್ರೀ" ಎಂದು ಹೊಗಳುತ್ತಿದ್ದರು. ಆ ಕಡೆ ತಿರುಗಿದ ಕೂಡಲೇ ಮೂತಿ ತಿರುವುತ್ತಿದ್ದರು. ಇವರಿಗಿಂತ ಎದುರಿಗೇ ಬೈಯುವ ತನ್ನ ಕೇರಿಯ ಹೆಂಗಸರೇ ಮೇಲು ಎನಿಸಿತು ರಾಮಕ್ಕನಿಗೆ.

ಬಹುಮಾನ ನಿರ್ಧರಿಸಲು ಬಂದವರು ಕೂಟದ ಅಧ್ಯಕ್ಷೆ ಯಶೋದಮ್ಮ. ಅರವತ್ತು ದಾಟಿದ, ಕೋಲೂರಿ ನಡೆಯುವ, ಯಾರ ಮುಲಾಜಿಗೂ ಬೀಳದ ಮುದುಕಿ. ಹಂಸದ ಮುಂದೆ ಅವರು ನಿಲ್ಲಲೂ ಇಲ್ಲ. ವಿಮಲಮ್ಮನ ಮೇಜಿನ ಬಳಿ ಬಂದು ಕೋಲಿನಿಂದ ತೋರಿಸಿ ಕೇಳಿದರು:

"ಇದೇನ್ರೀ ಇದು, ಕಾಗೆ ಗೂಡು?"

ಹಿಂದಿದ್ದ ಹೆಂಗಸರು ಕಿಸಕ್ಕೆಂದು ನಕ್ಕರು. ಇಷ್ಟು ಹೊತ್ತು "ಅದೆಷ್ಟು ಹೊಸದಾಗಿದೆ" ಎನ್ನುತ್ತಿದ್ದವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ವಿಮಲಮ್ಮನ ಮುಖ ಅವಳ ಡೇಲಿಯಾದ ಬಣ್ಣಕ್ಕೆ ತಿರುಗಿತು.

"ಅಯ್ಯೋ, ಅದು ನಂದಲ್ಲ," ಎಂದಳು ಗಡಿಬಿಡಿಯಿಂದ. "ಕೆಂಗೇರಿ ಕಡೆಯ ಮೇದರವಳೊಬ್ಬಳು ಏನೋ ಮಾಡಿಕೊಟ್ಟಳು. ನಾನು ಸುಮ್ನೆ ಹೂ ಸಿಕ್ಕಿಸಿದೆ ಅಷ್ಟೆ."

ಹಗ್ಗದ ಆಚೆ ನಿಂತಿದ್ದ ರಾಮಕ್ಕನಿಗೆ ಆ ಮಾತು ಕೇಳಿಸಿತು. ಏನೋ ಮಾಡಿಕೊಟ್ಟಳಂತೆ. ಒಂಬತ್ತು ದಿನ. ಅವಳಿಗೆ ಸಿಟ್ಟು ಬರಲಿಲ್ಲ, ಅದೇ ಆಶ್ಚರ್ಯ. ಬಾವಿಕಟ್ಟೆಯ ಬಳಿ ನೆಲಕ್ಕೆ ಕೂತು ಭಾರದ ಲೆಕ್ಕ ಹೇಳಿದ ಹೆಂಗಸು ನಾಲ್ಕು ಜನ ನಕ್ಕ ಕೂಡಲೇ ಮೊಲದಂತೆ ಬಿಲ ಹುಡುಕುತ್ತಿದ್ದಾಳೆ. ಇಷ್ಟೇನಾ ಇವಳು ಎನಿಸಿತು.

ಅಷ್ಟರಲ್ಲಿ ಯಶೋದಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿದ್ದರು. ಚೌಕಟ್ಟಿನ ಅಂಚಿಗೆ ಒಂದು ಬೆರಳು ಕೊಟ್ಟು ತಳ್ಳಿದರು. ಅಲುಗಲಿಲ್ಲ. ಇನ್ನೂ ಜೋರಾಗಿ ತಳ್ಳಿದರು. ಬಟ್ಟಲು ಸರಿಯಿತೇ ಹೊರತು ಮೇಲಿನ ಒಂದು ಹೂವೂ ತಲೆ ಕೊಂಕಿಸಲಿಲ್ಲ. ದಾರ ಎಲ್ಲಿದೆ ಎಂದು ಹುಡುಕಿದರು. ಸಿಗಲಿಲ್ಲ. ಆಮೇಲೆ ಎಲ್ಲರೂ ನೋಡುತ್ತಿರುವಂತೆಯೇ ಒಂದೊಂದಾಗಿ ಹೂಗಳನ್ನು ಕಿತ್ತು ಮೇಜಿನ ಮೇಲೆ ಹಾಕತೊಡಗಿದರು. ನಗು ನಿಂತುಹೋಯಿತು. ಕೊನೆಗೆ ಬರಿಯ ಬೆತ್ತ, ಬರಿಯ ಕಡ್ಡಿ ಉಳಿಯಿತು.

"ಹೂ ತೆಗೆದ ಮೇಲೇ ಚೆನ್ನಾಗಿ ಕಾಣ್ತಾ ಇದೆ," ಎಂದರು ಮುದುಕಿ. "ಮೊದಲನೇ ಬಹುಮಾನ ಇದಕ್ಕೆ."

"ಅಂದ್ರೆ ನನಗೆ..." ವಿಮಲಮ್ಮನ ಮುಖ ಅರಳಿತು.

"ನಿಮ್ಮದಲ್ಲ ಅಂತ ನೀವೇ ಅಂದ್ರಲ್ಲಮ್ಮ ಈಗ್ತಾನೆ. ಎಲ್ಲಿ ಆ ಮೇದರವಳು?"

ರಾಮಕ್ಕ ಹಗ್ಗ ಎತ್ತಿ ನುಸುಳಿ ಒಳಗೆ ಬಂದಳು. ಒದ್ದೆ ಹುಲ್ಲಿನಲ್ಲಿ ನಡೆದು ಅವಳ ಅಂಗಾಲಿಗೆ ಕೆಸರು ಮೆತ್ತಿತ್ತು. ಹೆಂಗಸರು ಸೀರೆ ಎತ್ತಿ ಜಾಗ ಬಿಟ್ಟರು. ಯಶೋದಮ್ಮ ಬಹುಮಾನವೆಂದು ಇಟ್ಟಿದ್ದ ಗಾಜಿನ ಹೂದಾನಿಯನ್ನು ಅವಳ ಕೈಗೆ ಕೊಟ್ಟರು. ರಾಮಕ್ಕ ಅದನ್ನು ತಲೆಕೆಳಗು ಮಾಡಿ ತಳ ನೋಡಿದಳು. ಬೆಳಕಿಗೆ ಹಿಡಿದಳು. ಗಾಜಿನಲ್ಲಿ ಗುಳ್ಳೆಗಳಿದ್ದವು.

"ಇದನ್ನ ಮಾಡ್ದೋನು ಉಣ್ಣೋ ಅನ್ನಕ್ಕೆ ಮರ್ಯಾದೆ ಕೊಟ್ಟಿಲ್ಲ," ಎಂದಳು.

ಯಶೋದಮ್ಮ ಗಟ್ಟಿಯಾಗಿ ನಕ್ಕುಬಿಟ್ಟರು. "ಇರಲಿ, ತಗೋ. ಇದು ಪೂರಾ ನಿನ್ನದೇ ಕೆಲಸವಾ?"

ರಾಮಕ್ಕ ವಿಮಲಮ್ಮನ ಕಡೆ ನೋಡಿದಳು. ಆಯಮ್ಮ ಮೇಜಿನ ಮೇಲೆ ಬಿದ್ದಿದ್ದ ಹೂಗಳನ್ನು ಸುಮ್ಮನೆ ಒಂದು ಕಡೆಗೆ ಸೇರಿಸುತ್ತಾ ತಲೆ ತಗ್ಗಿಸಿದ್ದಳು. ಹೌದು ಎಂದುಬಿಟ್ಟರೆ ಆಗಿಹೋಗುತ್ತಿತ್ತು. ಆದರೆ ಇನ್ನೊಬ್ಬರದನ್ನು ತನ್ನದು ಎನ್ನುವುದೂ ತನ್ನದನ್ನು ತನ್ನದಲ್ಲ ಎನ್ನುವುದೂ ಒಂದೇ ಜಾತಿಯ ಹೇಡಿತನ ಎನಿಸಿತು ಅವಳಿಗೆ. ಇವರ ಸಾಲಿಗೆ ತಾನು ಯಾಕೆ ಸೇರಬೇಕು?

"ಕೈ ನಂದು," ಎಂದಳು. "ಮೊದಲ್ನೇದು ನಾನು ಕೆಡಿಸಿದ್ದೆ. ಭಾರ ಎಲ್ಲಿ ಬರಬೇಕು, ಯಾವ ಕಣ್ಣು ಎಷ್ಟಿರಬೇಕು ಅಂತ ಏಳಿದ್ದು ಈಯಮ್ಮ. ನಾನು ಹೂವಿನ ಮಖ ನೋಡ್ದೋಳಲ್ಲ. ಅರ್ಧ ಅವ್ರದ್ದು." ಆಮೇಲೆ ಸೇರಿಸಿದಳು: "ಅವ್ರಿಗೆ ಬ್ಯಾಡ ಅನ್ಸಿದ್ರೆ ಅದು ಅವ್ರ ಇಷ್ಟ."

ಹೂದಾನಿಯನ್ನು ಮೇಜಿನ ಮೇಲೇ ಇಟ್ಟು, ಬಂದ ದಾರಿಯಲ್ಲೇ ಹಗ್ಗ ಎತ್ತಿ ನುಸುಳಿ ಹೊರಟುಹೋದಳು.

*

ಆಮೇಲೆ ಮೂರು ವಾರ ಅವಳು ರಾಜಾಜಿನಗರದ ಕಡೆ ತಲೆ ಹಾಕಲಿಲ್ಲ. ಆದರೆ ರಾಜಾಜಿನಗರ ಅವಳನ್ನು ಹುಡುಕಿಕೊಂಡು ಬಂತು. ಭೂಪಟ ಮಾಡಿದ್ದ ಹೆಂಗಸು ಕಾರಿನಲ್ಲಿ ಕೇರಿಯ ತನಕ ಬಂದು, ಇಳಿಯದೆ, ಕಿಟಕಿಯಿಂದಲೇ "ನನಗೂ ಒಂದು ಕಾಗೆ ಗೂಡು ಬೇಕಲ್ಲಾ" ಎಂದಳು. ಕಾಗೆಯನ್ನೇ ಕೇಳಿ ಎಂದು ಕಳಿಸಿದಳು ರಾಮಕ್ಕ. ಇನ್ನೂ ಇಬ್ಬರು ಬಂದರು. ಅವರಿಗೂ ಅದೇ ಗತಿ. ಕೆಂಚಪ್ಪ ಬೀಡಿ ಕಚ್ಚಿಕೊಂಡು ನಿಟ್ಟುಸಿರು ಬಿಟ್ಟ.

ನಾಲ್ಕನೆಯವಳಾಗಿ ವಿಮಲಮ್ಮ ಬಂದಳು. ಬಸ್ಸಿನಲ್ಲಿ, ಒಬ್ಬಳೇ, ಬಿಸಿಲಿಗೆ ಬೆವರಿಕೊಂಡು. ಕೇರಿಯ ಹೆಂಗಸರೆಲ್ಲ ಕೆಲಸ ಬಿಟ್ಟು ನೋಡಿದರು. ರಾಮಕ್ಕ ಮಾತ್ರ ಬಿದಿರು ಸೀಳುವುದನ್ನು ನಿಲ್ಲಿಸಲಿಲ್ಲ.

"ಅವತ್ತು ನಾನು ಹಾಗೆ ಹೇಳಬಾರದಿತ್ತು," ಎಂದಳು ವಿಮಲಮ್ಮ.

"ಊಂ."

"ನನಗೆ ಕಲಿಸ್ತೀಯಾ?"

ರಾಮಕ್ಕ ಈಗ ತಲೆ ಎತ್ತಿದಳು. ಮೇಲಿಂದ ಕೆಳಗೆ ನೋಡಿದಳು. ನುಣುಪು ಕೈ, ಕಾಲಿಗೆ ಚಪ್ಪಲಿ, ಮಗ್ಗದ ಸೀರೆ. "ಅಲ್ಲೇ ಇಡಿ ಚಪ್ಪಲಿಯಾ," ಎಂದಳು. ಗೋಣಿ ಚೀಲವನ್ನು ಕಾಲಲ್ಲೇ ಆಕೆಯ ಕಡೆ ತಳ್ಳಿದಳು. ಒಂದು ಗೇಣುದ್ದದ ಬಿದಿರು, ಒಂದು ಹಳೆಯ ಕತ್ತಿ ಮುಂದಿಟ್ಟಳು. "ಸೀಳಿ."

ಮೊದಲ ಏಟಿಗೇ ಹೆಬ್ಬೆರಳು ಹರಿಯಿತು. ರಕ್ತ ಸೀರೆಯ ಮೇಲೆ ತೊಟ್ಟಿಕ್ಕಿತು. ಈಗ ಎದ್ದು ಹೋಗುತ್ತಾಳೆ ಎಂದು ಕಾದ ರಾಮಕ್ಕನಿಗೆ ಎರಡನೆಯ ಏಟಿನ ಸದ್ದು ಕೇಳಿಸಿತು. ವಿಮಲಮ್ಮ ಬೆರಳನ್ನು ಬಾಯಲ್ಲಿಟ್ಟು ಚೀಪಿ, ಸೆರಗಿನ ತುದಿ ಸುತ್ತಿಕೊಂಡು, ಮತ್ತೆ ಕತ್ತಿ ಹಿಡಿದಿದ್ದಳು.

ಅಲ್ಲಿಂದ ಮುಂದೆ ಒಂದು ವರ್ಷಕ್ಕೂ ಮಿಕ್ಕಿ, ಮಂಗಳವಾರ ಬಿಟ್ಟರೆ ಗುರುವಾರ, ಆಕೆ ಬಂದಳು. ಗಂಗಾಧರಯ್ಯ ಮೊದಮೊದಲು ಕಿರುಕುಳ ಮಾಡಿದನಂತೆ, ಮೇದರ ಕೇರಿಗೆ ಹೋಗುವ ಹೆಂಡತಿಯನ್ನು ಕಛೇರಿಯಲ್ಲಿ ಯಾರಿಗೆ ಹೇಗೆ ವಿವರಿಸುವುದೆಂದು ಗೋಳಾಡಿದನಂತೆ. ಆಕೆ ಅವನ ಮಾತಿಗೆ ಸೊಪ್ಪು ಹಾಕಲಿಲ್ಲ. ಅವಳು ಹೆಣೆದುದನ್ನೆಲ್ಲ ರಾಮಕ್ಕ ಎಳೆದು, ಅಲುಗಾಡಿಸಿ, "ನಮ್ಮ ಹನುಮನೇ ವಾಸಿ" ಎಂದು ಬಿಚ್ಚಿ ಹಾಕುತ್ತಿದ್ದಳು. ದೊಡ್ಡಹನುಮಯ್ಯನಿಗೆ ಅದು ಹೊಗಳಿಕೆಯೋ ಬೈಗುಳವೋ ತಿಳಿಯುತ್ತಿರಲಿಲ್ಲ. ವಿಮಲಮ್ಮ ತುಟಿ ಕಚ್ಚಿಕೊಂಡು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ರಾಮಕ್ಕ ಒಂದು ದಿನವೂ ಆಕೆಯನ್ನು ಹೊಗಳಲಿಲ್ಲ. ಆದರೆ ತನ್ನ ಕತ್ತಿಯನ್ನು ಮಸೆಯುವಾಗ ಆಕೆಯ ಕತ್ತಿಯನ್ನೂ ಮಸೆದಿಡಲು ಯಾವಾಗ ಶುರುಮಾಡಿದಳೋ ಅವಳಿಗೂ ನೆನಪಿರಲಿಲ್ಲ.

ಐವತ್ತೊಂಬತ್ತರ ಬೇಸಿಗೆಯಲ್ಲಿ ಗಂಗಾಧರಯ್ಯನಿಗೆ ಶಿವಮೊಗ್ಗಕ್ಕೆ ವರ್ಗವಾಯಿತು. ಕೊನೆಯ ಮಂಗಳವಾರ ವಿಮಲಮ್ಮ ತಾನು ಮನೆಯಲ್ಲೇ ಹೆಣೆದಿದ್ದ ಒಂದು ಚೌಕಟ್ಟನ್ನು ತಂದು ರಾಮಕ್ಕನ ಮುಂದಿಟ್ಟಳು. ರಾಮಕ್ಕ ಎಳೆದಳು. ಬಗ್ಗಿಸಿದಳು. ಬೆಸುಗೆಯ ಮೇಲೆ ಉಗುರು ಹಾಕಿ ಕೆರೆದಳು.

"ಬಿಚ್ಚಲಾ?" ಎಂದಳು ವಿಮಲಮ್ಮ.

"ಬ್ಯಾಡ," ಎಂದಳು ರಾಮಕ್ಕ. "ಆದ್ರೂ ಆ ಸುಡುಗಾಡು ಡೇಲಿಯಾ ಮಾತ್ರ ಇದರಲ್ಲಿ ಇಕ್ಕಬೇಡಿ. ಮಲ್ಲಿಗೇನೋ ಸೇವಂತಿಗೇನೋ ಇಕ್ಕಿ. ವಾಸನೇನಾದ್ರೂ ಇರಲಿ."

ವಿಮಲಮ್ಮ ಬಾಗಿ ನಮಸ್ಕರಿಸಲು ಹೋದಳು. ರಾಮಕ್ಕ ಗಾಬರಿಬಿದ್ದು ಕಾಲು ಹಿಂದಕ್ಕೆ ಎಳೆದುಕೊಂಡು, "ಏಳಿ ಏಳಿ, ಬಸ್ಸು ಓಯ್ತದೆ" ಎಂದು ಗದರಿಸಿ ಅಟ್ಟಿದಳು.

ಶಿವಮೊಗ್ಗದಿಂದ ಎರಡು ಕಾಗದ ಬಂದವು. ಶಾಲೆಯ ಮೇಷ್ಟ್ರು ಓದಿ ಹೇಳಿದರು. ಎರಡನೆಯದರಲ್ಲಿ, ಅಲ್ಲಿನ ನಾಲ್ಕು ಹೆಂಗಸರಿಗೆ ತಾನು ಹೆಣಿಗೆ ಕಲಿಸುತ್ತಿದ್ದೇನೆಂದೂ, ಮೂವರು ಬೆರಳು ಕುಯ್ದುಕೊಂಡು ಬಿಟ್ಟು ಹೋದರೆಂದೂ ವಿಮಲಮ್ಮ ಬರೆದಿದ್ದಳು.

"ಮೂವರೇಯಾ?" ಎಂದಳು ರಾಮಕ್ಕ. "ಅಂದ್ರೆ ಈಯಮ್ಮ ಇನ್ನೂ ಸರಿಯಾಗಿ ಬೈಯೋಕೆ ಕಲ್ತಿಲ್ಲ." ಮೇಷ್ಟ್ರ ಕೈಯಿಂದ ಕಾಗದ ತೆಗೆದುಕೊಂಡು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅರ್ಧಕ್ಕೆ ನಿಲ್ಲಿಸಿದ್ದ ಮಂಕರಿ ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಳು.